ಊರಿಗೆ ಬಂದ ಕಾಲೇಜು: ವಿದ್ಯಾರ್ಥಿ ಸೇವೆಯ ಒಂದು ಇತಿಹಾಸ

ಅಮೆರಿಕದ ಹೈಸ್ಕೂಲುಗಳಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಯರಿಗೆ ‘ವಾಲಂಟಿಯರ್ ಅವರ್ಸ್’ ಎಂಬ ಮಾತನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ರಾಜ್ಯೋತ್ಸವದ ಊಟದಲ್ಲಿ ಎಲೆ ಹಾಕಿದ, ನೀರು ಬಡಿಸಿದ, ಕೊನೆಗೆ ಕುರ್ಚಿಗಳನ್ನು ಮಡಿಸಿಟ್ಟ ಮಕ್ಕಳ ಫಾರಂಗಳಿಗೆ ಸಂಘದ ಪದಾಧಿಕಾರಿಗಳು ಸಹಿ ಹಾಕುವುದು ಪ್ರತಿವರ್ಷದ ನೋಟ. ಮೇರಿಲ್ಯಾಂಡ್ ರಾಜ್ಯದ ಸರ್ಕಾರಿ ಶಾಲೆಗಳಲ್ಲಂತೂ 1997ರಲ್ಲಿ ಹೈಸ್ಕೂಲು ಮುಗಿಸಿದ ತಂಡದಿಂದ ಮೊದಲ್ಗೊಂಡು ಇಂಥ ಸೇವಾಕಲಿಕೆ ಕಡ್ಡಾಯವಾಗಿದೆ. ಅಲ್ಲಿನ ರೂಢಿಯ ಲೆಕ್ಕ 75 ಗಂಟೆ. ಇದರ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ವಿಚಾರಣೆಯೂ ವೈದ್ಯರಾದ ನಮ್ಮ ಬಳಿಗೆ ಬರುತ್ತಿದೆ. ಕಾಲೇಜು ಸೇರಿದ ಮಗನೋ ಮಗಳೋ ಬೇಸಗೆಯ ರಜೆಯಲ್ಲಿ ಕರ್ನಾಟಕದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಸೇವೆ ಮಾಡಬೇಕೆಂದಿದ್ದಾರೆ, ಎಲ್ಲಿಗೆ ಕಳುಹಿಸೋಣ ಎಂಬುದು ಆ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಊರಿನ ಹೆಸರನ್ನೋ ಒಂದು ಸಂಸ್ಥೆಯ ವಿಳಾಸವನ್ನೋ ಕೊಟ್ಟು ಮುಗಿಸಬಹುದು. ಆದರೆ ಕಾಲೇಜಿನ ವಿದ್ಯಾರ್ಥಿಗಳು ಜನರ ನಡುವೆ ಹೋಗಿ ಸೇವೆ ಮಾಡುತ್ತ ಕಲಿಯಬೇಕೆಂಬ ವಿಚಾರಕ್ಕೆ ನೂರನಲವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಒಂದು ಕವಲು ನಾವು ಈಗ ನೆಲೆಸಿರುವ ಈ ದೇಶದಲ್ಲಿ ಹರಿದಿದೆ. ಇನ್ನೊಂದು ನಾವು ಬಿಟ್ಟುಬಂದ ನಾಡಿನಲ್ಲಿ. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಸೇವೆಯ ಷರತ್ತುಗಳನ್ನು ಗೊತ್ತುಮಾಡಿದವರು ಯಾರು, ಬಂದವರೋ ಅಥವಾ ಊರಿನವರೋ? ಊರಿನವರ ಕೈಯಲ್ಲಿ ಸ್ವಲ್ಪವಾದರೂ ಹಿಡಿತವಿದ್ದ ಕಡೆ ಏನಾದರೂ ಉಳಿಯಿತು, ಇಲ್ಲದ ಕಡೆ ಸರ್ಟಿಫಿಕೇಟು ಮಾತ್ರ ಉಳಿಯಿತು ಎಂಬುದು ನಮ್ಮ ತಿಳಿವಳಿಕೆ.

ಕಥೆ ಲಂಡನ್ನಿನಲ್ಲಿ ಮೊದಲಾಗುತ್ತದೆ. 1884ರಲ್ಲಿ, ನಗರದ ಪೂರ್ವಭಾಗದ ವೈಟ್‌ಚಾಪೆಲ್ ಎಂಬ ಕಡುಬಡವರ ಕೇರಿಯಲ್ಲಿ, ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿಯೂ ಆತನ ಪತ್ನಿ ಹೆನ್ರಿಯೆಟಾ ಬಾರ್ನೆಟ್ಟರೂ ಸೇರಿ ಟಾಯ್ನ್‌ಬಿ ಹಾಲ್ ಎಂಬ ನಿವಾಸವನ್ನು ತೆರೆದರು. ಹಿಂದಿನ ವರ್ಷವಷ್ಟೇ ಎಳೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ ಅರ್ಥಶಾಸ್ತ್ರದ ಇತಿಹಾಸಕಾರ ಅರ್ನಾಲ್ಡ್ ಟಾಯ್ನ್‌ಬಿಯ ಹೆಸರನ್ನು ಅದಕ್ಕಿಟ್ಟರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ತರುಣರು ಬಡವರಿಗೆ ದಾನ ಕೊಟ್ಟು ಹಿಂತಿರುಗುವ ಬದಲು ಅವರ ನೆರೆಯಲ್ಲೇ ಮನೆ ಮಾಡಿಕೊಂಡು ಇರಬೇಕು ಎಂಬುದು ಬಾರ್ನೆಟ್ ದಂಪತಿಗಳ ಆಶಯವಾಗಿತ್ತು. ಆ ನಿವಾಸವನ್ನು ಕಂಡುಬಂದ ಜೇನ್ ಆಡಮ್ಸ್ ಎಂಬ ಅಮೆರಿಕನ್ ಯುವತಿ ತನ್ನ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆಗೂಡಿ 1889ರಲ್ಲಿ ಶಿಕಾಗೊ ನಗರದ ಹಾಲ್‌ಸ್ಟೆಡ್ ಬೀದಿಯಲ್ಲಿ ಹಲ್ ಹೌಸ್ ಅನ್ನು ಆರಂಭಿಸಿದಳು.

ವಲಸೆ ಬಂದು ನೆಲೆಸಿದ ನಮ್ಮಂಥವರು ಹಲ್ ಹೌಸಿನ ಕಥೆಯನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಸೇವೆ ಪಡೆದವರೆಲ್ಲ ವಲಸಿಗರೇ: ಇಟಲಿಯವರು, ಗ್ರೀಕರು, ಜರ್ಮನರು, ಬೊಹಿಮಿಯದವರು, ರಷ್ಯದಿಂದ ಓಡಿಬಂದ ಯಹೂದಿಗಳು. ಹಲ್ ಹೌಸಿನ ನಿವಾಸಿಗಳು ಮನೆಮನೆಗೆ ಹೋಗಿ ಯಾರ ಮನೆಯಲ್ಲಿ ಯಾವ ಭಾಷೆ, ವಾರಕ್ಕೆಷ್ಟು ಕೂಲಿ ಎಂದು ವಿಚಾರಿಸಿ, ಬಣ್ಣ ತುಂಬಿದ ನಕ್ಷೆಗಳನ್ನು 1895ರಲ್ಲಿ ಪುಸ್ತಕವಾಗಿ ಹೊರತಂದರು. ಇಲ್ಲಿಗೆ 1897ರಲ್ಲಿ ಬಂದು ಸೇರಿದವಳು ವೈದ್ಯೆ ಆಲಿಸ್ ಹ್ಯಾಮಿಲ್ಟನ್. 1902ರಲ್ಲಿ ಆ ಬಡಾವಣೆಯಲ್ಲಿ ವಿಷಮಶೀತಜ್ವರ ಹರಡಿದಾಗ ಆಕೆ ನೊಣಗಳನ್ನು ಹಿಡಿದು ಪರೀಕ್ಷಿಸಿ, ತೆರೆದ ಕಕ್ಕಸುಗಳ ಮೇಲೆ ಕುಳಿತ ನೊಣಗಳೇ ರೋಗವನ್ನು ಹರಡಿದವೆಂದು ಪ್ರಬಂಧ ಬರೆದಳು. ಪ್ರಬಂಧಕ್ಕೆ ಒಳ್ಳೆಯ ಹೆಸರು ಬಂತು. ಆಮೇಲೆ ತಿಳಿದುಬಂದ ಸಂಗತಿಯೇ ಬೇರೆ: ನೀರಿನ ಕೊಳವೆ ಒಡೆದು ಚರಂಡಿಯ ಹೊಲಸು ಕುಡಿಯುವ ನೀರಿಗೆ ಸೇರಿತ್ತು, ನಗರದ ಆರೋಗ್ಯ ಮಂಡಳಿ ಅದನ್ನು ಮುಚ್ಚಿಟ್ಟಿತ್ತು. ಹ್ಯಾಮಿಲ್ಟನ್ ತನ್ನ ಆತ್ಮಕಥೆಯಲ್ಲಿ ಇದನ್ನು ಮರೆಮಾಚದೆ ಬರೆದಿದ್ದಾಳೆ. ಪ್ರಯೋಗಶಾಲೆಯಲ್ಲಿ ಕಲಿತ ವಿದ್ಯೆಯಷ್ಟನ್ನೇ ಹೊತ್ತು ಬೀದಿಗೆ ಬಂದ ವೈದ್ಯರಿಗೆ ನೊಣ ಕಾಣುತ್ತದೆ, ಒಡೆದ ಕೊಳವೆ ಕಾಣುವುದಿಲ್ಲ. ಅದೇ ಬೀದಿಯಲ್ಲಿ ವರ್ಷಗಟ್ಟಲೆ ವಾಸವಿದ್ದು, ನೆರೆಯವರ ಬಾಯಿಂದ ಸೀಸದ ಕಾರ್ಖಾನೆಗಳ ಕಥೆಗಳನ್ನು ಕೇಳಿದ ಮೇಲೆ ಆಕೆ ಕೈಗಾರಿಕೆಗಳಿಂದ ಬರುವ ರೋಗಗಳ ಅಧ್ಯಯನಕ್ಕೆ ಈ ದೇಶದಲ್ಲಿ ಬುನಾದಿ ಹಾಕಿದಳು. 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಅಧ್ಯಾಪಕಿಯಾಗಿ ನೇಮಿಸಿಕೊಂಡ ಮೊದಲ ಮಹಿಳೆ ಆಕೆಯೇ.

ಇನ್ನು ನಮ್ಮ ನಾಡಿನ ಕಡೆಗೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾಗುವ ಮೊದಲು ಹೊರದೇಶಗಳ ವಿಶ್ವವಿದ್ಯಾನಿಲಯಗಳನ್ನು ಕುರಿತು ದೀರ್ಘವಾದ ಪರಿಶೀಲನೆ ನಡೆದಿತ್ತು. ಅದರಲ್ಲಿ ಮುಖ್ಯ ಪಾತ್ರ ವಹಿಸಿದವರಲ್ಲಿ ಸಿ.ಆರ್. ರೆಡ್ಡಿಯವರೊಬ್ಬರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ ತನ್ನ ವಿದ್ಯಾಸಂಪತ್ತನ್ನು ಗೋಡೆಗಳ ಹೊರಗಿನ ಜನಸಾಮಾನ್ಯರಿಗೂ ತಲುಪಿಸುತ್ತಿದ್ದ ರೀತಿ ಮೈಸೂರಿನವರ ಮನಸ್ಸನ್ನು ಸೆಳೆಯಿತು. ಮುಂದೆ ಕನ್ನಡದಲ್ಲಿ ಹೆಸರಾದ ಪ್ರಚಾರೋಪನ್ಯಾಸ ಮಾಲೆ ಈ ಆಶಯದ ಫಲವೇ. ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಇತಿಹಾಸ, ಸಾಹಿತ್ಯಗಳನ್ನು ತಿಳಿಗನ್ನಡದಲ್ಲಿ ಹೇಳುತ್ತಿದ್ದರು, ಉಪನ್ಯಾಸಗಳು ಸುಲಭ ಬೆಲೆಯ ಪುಟ್ಟ ಪುಸ್ತಕಗಳಾಗಿ ಅಚ್ಚಾಗುತ್ತಿದ್ದವು. ನಮ್ಮಲ್ಲಿ ಹಲವರ ಅಜ್ಜಂದಿರ ಮನೆಯ ಬೀರುವಿನಲ್ಲಿ ಆ ಹೊತ್ತಗೆಗಳು ಇದ್ದಿರಲು ಸಾಕು. ಕನ್ನಡಕ್ಕೆ ಅದರಿಂದ ಆದ ಉಪಕಾರ ದೊಡ್ಡದು. ಆದರೂ ಅದು ಒಮ್ಮುಖದ ಹರಿವು. ಕಾಲೇಜು ಹೇಳುತ್ತಿತ್ತು, ಊರು ಕೇಳುತ್ತಿತ್ತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ತನ್ನ ವರದಿಯನ್ನು ಒಪ್ಪಿಸಿತು. ಭಾರತಕ್ಕೆ ಬೇಕಾದದ್ದು ರೋಗಿಯ ಮನೆ, ಊರು, ದುಡಿಮೆಗಳನ್ನು ಅರಿತ ‘ಸಾಮಾಜಿಕ ವೈದ್ಯ’ ಎಂದೂ, ಅದಕ್ಕಾಗಿ ವೈದ್ಯವಿದ್ಯಾರ್ಥಿಗಳಿಗೆ ಮೂರು ತಿಂಗಳ ವಿಶೇಷ ತರಬೇತಿ ಕೊಡಬೇಕೆಂದೂ ಅದು ಹೇಳಿತು. ನಾವು ಎಂ.ಬಿ.ಬಿ.ಎಸ್. ಓದುವಾಗ ಸಮುದಾಯ ವೈದ್ಯಶಾಸ್ತ್ರದ ಪರೀಕ್ಷೆಯಲ್ಲಿ ಭೋರ್ ಸಮಿತಿಯ ಶಿಫಾರಸುಗಳು ತಪ್ಪದೆ ಬರುತ್ತಿದ್ದವು. ಐದು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ ಆ ವಾಕ್ಯಗಳ ಹಿಂದೆ ಎಂಥ ಕನಸಿತ್ತೆಂಬುದು ತಿಳಿಯಲು ಇನ್ನಷ್ಟು ವರ್ಷಗಳು ಬೇಕಾದವು.

ವೈದ್ಯರಲ್ಲದ ಉಳಿದ ವಿದ್ಯಾರ್ಥಿಗಳ ಮಾತೇನು? 1950ರ ದಶಕದ ಉದ್ದಕ್ಕೂ ದೆಹಲಿಯಲ್ಲಿ ಈ ಚರ್ಚೆ ನಡೆಯಿತು. ಪ್ರಧಾನಿ ನೆಹರೂ ಇದರಲ್ಲಿ ಬಹಳ ಆಸಕ್ತರಾಗಿದ್ದರು. 1959ರಲ್ಲಿ ಸಿ.ಡಿ. ದೇಶ್‌ಮುಖ್ ಸಮಿತಿ, ಹೈಸ್ಕೂಲು ಮುಗಿಸಿ ಕಾಲೇಜು ಸೇರಬಯಸುವವರೆಲ್ಲರಿಗೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರಸೇವೆ ಕಡ್ಡಾಯವಾಗಬೇಕೆಂದಿತು. ಇದಕ್ಕೆ ತಗಲುವ ಹಣದ ಲೆಕ್ಕ ನೋಡಿಯೇ ಹಲವರು ಹಿಂಜರಿದರು. ಬೇರೆ ದೇಶಗಳ ಅನುಭವವನ್ನು ಅಧ್ಯಯನ ಮಾಡಿದ ಕೆ.ಜಿ. ಸೈಯಿದೈನ್ ಅವರು ಸೇವೆ ಐಚ್ಛಿಕವಾಗಿರುವುದೇ ಲೇಸೆಂದರು. ಕೊಠಾರಿ ಆಯೋಗವೂ ವಿದ್ಯೆಗೆ ಸಮಾಜಸೇವೆಯ ನಂಟಿರಬೇಕೆಂದು ಒತ್ತಿಹೇಳಿತು. ಕೊನೆಗೆ ಗಾಂಧಿ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ನಮಗೆಲ್ಲ ಪರಿಚಿತವಾದ ಎನ್.ಎಸ್.ಎಸ್. ಇದೇ. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವರು ಡಾ. ವಿ.ಕೆ.ಆರ್.ವಿ. ರಾವ್. ಆಗ ಅವರು ಲೋಕಸಭೆಯಲ್ಲಿ ಬಳ್ಳಾರಿಯ ಪ್ರತಿನಿಧಿ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು ಕಟ್ಟಿದ ಈ ಅರ್ಥಶಾಸ್ತ್ರಜ್ಞರೇ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನೂ ಸ್ಥಾಪಿಸಿದರು. ಕನ್ನಡಿಗರು ಅವರನ್ನು ಇನ್ನಷ್ಟು ನೆನೆಯಬೇಕಿತ್ತು.

ಸರಿಸುಮಾರು ಅದೇ ಹೊತ್ತಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ‘ಸರ್ವಿಸ್ ಲರ್ನಿಂಗ್’ ಎಂಬ ನುಡಿಗಟ್ಟು ಹುಟ್ಟಿತು. ಟೆನೆಸಿಯ ಓಕ್ ರಿಜ್‌ನಲ್ಲಿ ವಿಲಿಯಂ ರಾಮ್ಸೆ, ರಾಬರ್ಟ್ ಸಿಗ್ಮನ್ ಮೊದಲಾದವರು ಕಾಲೇಜು ವಿದ್ಯಾರ್ಥಿಗಳನ್ನು ಸ್ಥಳೀಯ ಅಭಿವೃದ್ಧಿ ಕೆಲಸಗಳಿಗೆ ಜೋಡಿಸುವಾಗ, 1966–67ರ ಸುಮಾರಿಗೆ, ಈ ಹೆಸರನ್ನು ಬಳಕೆಗೆ ತಂದರು. ಸಿಗ್ಮನ್ 1979ರಲ್ಲಿ ಬರೆದ ಚಿಕ್ಕ ಲೇಖನವೊಂದರಲ್ಲಿ ಮೂರು ಸೂತ್ರಗಳಿವೆ. ಸೇವೆಯ ಮೇಲಿನ ಹಿಡಿತ ಸೇವೆ ಪಡೆಯುವವರ ಕೈಯಲ್ಲಿರಬೇಕು, ಸೇವೆಯ ಫಲವಾಗಿ ಅವರು ತಮ್ಮ ಕಾಲ ಮೇಲೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುವಂತಾಗಬೇಕು, ಸೇವೆ ಮಾಡುವವರೂ ಕಲಿಯುವವರೇ ಆಗಿರಬೇಕು ಎಂಬುದು ಅವುಗಳ ಸಾರ. ಗಂಟೆಗಳ ಪ್ರಸ್ತಾಪ ಆ ಮೂರರಲ್ಲಿ ಯಾವುದರಲ್ಲೂ ಇಲ್ಲ.

ಇದಕ್ಕೂ ಮೊದಲೇ, 1968ರ ಏಪ್ರಿಲ್‌ನಲ್ಲಿ, ಇವಾನ್ ಇಲಿಚ್ ಎಂಬ ಚಿಂತಕ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಸಭೆಯೊಂದರಲ್ಲಿ ಎದ್ದುನಿಂತು, ನಿಮ್ಮ ಒಳ್ಳೆಯ ಉದ್ದೇಶಗಳು ಮೆಕ್ಸಿಕೊದ ಹಳ್ಳಿಗರಿಗೆ ಬೇಡ, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಕಟುವಾದ ಭಾಷಣ ಮಾಡಿದ. ಆತನ ಮಾತು ಅತಿಯಾಯಿತೆಂದು ನಮಗನಿಸುತ್ತದೆ. ಜ್ವರದಿಂದ ಮಲಗಿರುವ ಮಗುವಿನ ತಾಯಿಗೆ ಬಂದವರ ಉದ್ದೇಶದ ಶುದ್ಧಾಶುದ್ಧಿಗಿಂತ ಅವರ ಕೈಯಲ್ಲಿರುವ ಔಷಧ ಮುಖ್ಯ. ಆದರೂ ಬೇಸಗೆ ರಜೆಯ ಸೇವೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಯರು ಒಮ್ಮೆ ಓದಿ ಸಿಟ್ಟಾಗಬೇಕಾದ ಭಾಷಣವದು.

ಎನ್.ಎಸ್.ಎಸ್.ಗೆ ಮರಳೋಣ. ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೊಂದು ವಿಶೇಷ ಶಿಬಿರ. ಕೊನಾರ್ಕದ ರಥಚಕ್ರದ ಲಾಂಛನ, ‘ನಾನಲ್ಲ, ನೀನು’ ಎಂಬರ್ಥದ ಧ್ಯೇಯವಾಕ್ಯ. ಶಿಬಿರದ ದಿನಚರಿ ಕರ್ನಾಟಕದ ಯಾವ ಮೂಲೆಗೆ ಹೋದರೂ ಹೆಚ್ಚುಕಡಿಮೆ ಒಂದೇ. ಊರ ಶಾಲೆಯಲ್ಲಿ ಬಿಡಾರ, ನಸುಕಿನಲ್ಲಿ ಪ್ರಭಾತಫೇರಿ, ಉಪ್ಪಿಟ್ಟು ತಿಂದು ಗುದ್ದಲಿ ಹಿಡಿದರೆ ಮಧ್ಯಾಹ್ನದವರೆಗೆ ಶ್ರಮದಾನ, ಊಟವಾದ ಮೇಲೆ ಉಪನ್ಯಾಸ, ರಾತ್ರಿ ದೇವಸ್ಥಾನದ ಮುಂದೆ ನಾಟಕ, ಹಾಡು. ಇದನ್ನು ಲಘುವಾಗಿ ಕಾಣುವವರುಂಟು. ವಾರದಲ್ಲಿ ತೆಗೆದ ಚರಂಡಿ ಮೊದಲ ಮಳೆಗೆ ಮುಚ್ಚಿಹೋಗುತ್ತದೆಂಬ ಹಾಸ್ಯ ಶಿಬಿರಾರ್ಥಿಗಳ ನಡುವೆಯೇ ಹುಟ್ಟಿದ್ದು. ನಮ್ಮ ಅಭಿಪ್ರಾಯ ಬೇರೆ. ಜಾತಿಯ ಗೆರೆ ದಾಟಿ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದ್ದು, ಪೇಟೆಯ ಹುಡುಗಿಯೊಬ್ಬಳು ಜೀವನದಲ್ಲಿ ಮೊದಲ ಬಾರಿಗೆ ಗುದ್ದಲಿ ಹಿಡಿದದ್ದು, ಊರಿನ ದಲಿತರ ಕೇರಿಗೆ ಬೇರೆಯೇ ಬಾವಿಯಿರುವುದನ್ನು ಕಣ್ಣಾರೆ ಕಂಡದ್ದು, ಇವೆಲ್ಲ ಅಲ್ಲಿಯೇ ಆದದ್ದು. ವಿದ್ಯಾರ್ಥಿಗಳಿಗೆ ಲಾಭವಾಗಲಿಲ್ಲವೆಂದು ಹೇಳಲಾಗದು. ಊರಿಗೇನಾಯಿತು ಎಂದು ಕೇಳಿದಾಗ ಮಾತ್ರ ಉತ್ತರ ತಡವರಿಸುತ್ತದೆ. ಶಿಬಿರದ ಊರನ್ನು, ಕೆಲಸವನ್ನು, ದಿನವನ್ನು ಕಾಲೇಜು ತನ್ನ ಪರೀಕ್ಷೆಯ ವೇಳಾಪಟ್ಟಿಗೆ ಹೊಂದಿಸಿ ಆರಿಸುತ್ತಿತ್ತು.

ಊರೇ ಆರಿಸಿಕೊಂಡರೆ ಹೇಗಿರುತ್ತದೆ ಎಂಬುದಕ್ಕೆ ಮಳ್ಳೂರಿನ ಕಥೆಯನ್ನು ನೋಡಬೇಕು. ಶಿಡ್ಲಘಟ್ಟ ತಾಲ್ಲೂಕಿನ ಈ ಊರು ಆಗ ಕೋಲಾರ ಜಿಲ್ಲೆಗೆ ಸೇರಿತ್ತು, ಈಗ ಚಿಕ್ಕಬಳ್ಳಾಪುರಕ್ಕೆ. ರೇಷ್ಮೆಗೂಡಿಗೂ ಹಾಲಿಗೂ ಹೆಸರಾದ ಸೀಮೆ. ಅಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವೊಂದು ಚೆನ್ನಾಗಿ ನಡೆಯುತ್ತಿತ್ತು. 1973ರಲ್ಲಿ, ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ವರ್ಷದಲ್ಲೇ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಈ ಹಾಲಿನ ಸಂಘದೊಡನೆ ಸೇರಿ ಆರೋಗ್ಯ ಸಹಕಾರ ಕೇಂದ್ರವನ್ನು ಆರಂಭಿಸಿತು. ಸೇಂಟ್ ಜಾನ್ಸ್ ಅನ್ನು 1963ರಲ್ಲಿ ಸ್ಥಾಪಿಸಿದ ಕಥೊಲಿಕ್ ಧರ್ಮಸಭೆಗೆ ಹಳ್ಳಿಗಾಡಿನ ಆಸ್ಪತ್ರೆಗಳಿಗೆ ವೈದ್ಯರನ್ನು ತಯಾರಿಸಬೇಕೆಂಬ ಉದ್ದೇಶ ಮೊದಲಿಂದಲೂ ಇತ್ತು.

ಮಳ್ಳೂರಿನ ವಿಶೇಷವಿರುವುದು ಹಣದ ಮೂಲದಲ್ಲಿ. ಡೇರಿಗೆ ಹಾಕುವ ಪ್ರತಿ ಲೀಟರು ಹಾಲಿನ ಬೆಲೆಯಲ್ಲಿ ಕೆಲವು ಪೈಸೆಗಳನ್ನು ಆರೋಗ್ಯಕ್ಕೆಂದು ತೆಗೆದಿಡುವುದು, ಆ ನಿಧಿಯಿಂದ ಕೇಂದ್ರವನ್ನು ನಡೆಸುವುದು ಎಂಬ ಏರ್ಪಾಡು. ಕಾಲೇಜಿನಿಂದ ವೈದ್ಯರೂ ತರಬೇತಿಯಲ್ಲಿದ್ದ ತರುಣ ತರುಣಿಯರೂ ಬಂದರು. ಮೇಲ್ನೋಟಕ್ಕೆ ಇದು ಬರಿಯ ಜಮಾಖರ್ಚಿನ ವಿಷಯ. ಆದರೆ ಬೆಳಿಗ್ಗೆ ಹಾಲು ಅಳೆದು ಕೊಟ್ಟ ರೈತ ಸಂಜೆ ಚಿಕಿತ್ಸೆಗೆ ಬಂದಾಗ ದಾನ ಬೇಡಲು ಬಂದವನಂತೆ ಬಾಗಿಲಲ್ಲಿ ನಿಲ್ಲಬೇಕಾಗಿರಲಿಲ್ಲ. ಅದು ಅವನ ಹಾಲಿನ ಪೈಸೆಯಿಂದಲೇ ನಡೆಯುತ್ತಿದ್ದ ಆಸ್ಪತ್ರೆ. ಹಾಲಿನ ಲೆಕ್ಕ ಕೇಳುವವನಿಗೆ ಔಷಧದ ಲೆಕ್ಕ ಕೇಳುವ ಹಕ್ಕೂ ಇತ್ತು. ಎಳೆಯ ವೈದ್ಯರ ಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಸಿಗದು. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ರೋಗಿ ಕೈಮುಗಿದು ನಿಂತಿರುತ್ತಾನೆ. ವೈದ್ಯರಾಗುವವರು ಅದಕ್ಕೇ ಒಗ್ಗಿಹೋಗುತ್ತಾರೆ.

ಮಳ್ಳೂರನ್ನು ಆದರ್ಶಗ್ರಾಮವೆಂದು ಕೊಂಡಾಡಿ ಮುಂದೆ ಸಾಗುವುದು ಸುಲಭ. ಅದರ ಮಿತಿಯನ್ನೂ ಹೇಳಬೇಕು. ಹಾಲಿನ ಸಂಘದ ಸದಸ್ಯತ್ವಕ್ಕೆ ಹಸುವೋ ಎಮ್ಮೆಯೋ ಬೇಕು. ಕೊಟ್ಟಿಗೆಯೇ ಇಲ್ಲದ ಕೂಲಿಕಾರರ ಮನೆಯವರಿಗೆ ಸಂಘದ ಸಭೆಯಲ್ಲಿ ಮಾತಿಲ್ಲ. ಊರಿನ ಹಿಡಿತ ಎಂದಾಗ ಊರಿನಲ್ಲಿ ಯಾರ ಹಿಡಿತ ಎಂಬ ಪ್ರಶ್ನೆ ಒಡನೆಯೇ ಏಳುತ್ತದೆ. ಹಾಲಿನ ಆದಾಯವನ್ನೇ ನಂಬಿದ ಆಸ್ಪತ್ರೆಗೆ ಹಾಲಿನ ಏರಿಳಿತವೂ ತಪ್ಪುವುದಿಲ್ಲ. ಇಷ್ಟಾದರೂ ಕಾಲೇಜೂ ಊರೂ ಮುಖಾಮುಖಿ ಕುಳಿತು ವ್ಯವಹಾರದ ಮಾತಾಡಿದ ಪ್ರಸಂಗಗಳು ನಮ್ಮ ನಾಡಿನಲ್ಲಿ ವಿರಳವಾದ್ದರಿಂದ ಮಳ್ಳೂರಿನ ಹೆಸರು ಸಮುದಾಯ ಆರೋಗ್ಯದ ಇತಿಹಾಸದಲ್ಲಿ ಉಳಿದಿದೆ.

ಇಂಥದೇ ಇನ್ನೊಂದು ಪ್ರಸಂಗ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯದು. ಇಲ್ಲಿಗೆ ಬಂದವರು ವಿದ್ಯಾರ್ಥಿಗಳಲ್ಲ, ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ವಿಜ್ಞಾನಿಗಳು. ಆದರೂ ಪಾಠ ಒಂದೇ ಆದ್ದರಿಂದ ಹೇಳುತ್ತಿದ್ದೇವೆ. ಸಗಣಿಯಿಂದ ಅನಿಲ ತಯಾರಿಸಿ ಮನೆಮನೆಯ ಒಲೆಗೆ ಕೊಡುವುದು ಮೊದಲ ಯೋಜನೆಯಾಗಿತ್ತು. ಅದು ಕೈಗೂಡಲಿಲ್ಲ. ಸೌದೆ ಹೇಗೋ ಸಿಗುತ್ತಿದ್ದ ಆ ಊರಿನವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನೆತ್ತಿ ಮನೆಗಳಿಗೆ ಕೊಟ್ಟಾಗ, 1987ರಿಂದ ಮುಂದೆ, ಅದು ವರ್ಷಗಟ್ಟಲೆ ನಡೆಯಿತು. ಸಗಣಿ ತಂದುಕೊಡುವವರಿಗೆ ಗೊಬ್ಬರವೂ ಹಣವೂ ಹಿಂದಕ್ಕೆ ಸಿಗುತ್ತಿದ್ದವು.

ದೆಹಲಿಯ ಯೋಜನೆಗಳು ಮಾತ್ರ ಬೇರೆ ದಾರಿಯಲ್ಲಿ ಸಾಗಿದವು. 1975ರ ಶ್ರೀವಾಸ್ತವ ಸಮಿತಿಯ ವರದಿಯ ನಂತರ, 1977ರಲ್ಲಿ, ಪ್ರತಿ ವೈದ್ಯಕೀಯ ಕಾಲೇಜೂ ಮೂರು ಅಭಿವೃದ್ಧಿ ಬ್ಲಾಕುಗಳ ಹೊಣೆ ಹೊರಬೇಕೆಂಬ ಯೋಜನೆ ಬಂತು. ಸಂಚಾರಿ ಚಿಕಿತ್ಸಾಲಯದ ದೊಡ್ಡ ವಾಹನಗಳೂ ಬಂದವು. ಬೆಳಿಗ್ಗೆ ವಿದ್ಯಾರ್ಥಿಗಳನ್ನು ತುಂಬಿಕೊಂಡು ಹೋಗುವ ವಾಹನ ಸಂಜೆಗೆ ಅವರನ್ನೆಲ್ಲ ಎಣಿಸಿ ವಾಪಸು ತರುತ್ತದೆ. ವಾಸವಿರುವುದಕ್ಕೂ ಭೇಟಿಕೊಡುವುದಕ್ಕೂ ಇರುವ ವ್ಯತ್ಯಾಸ ಬಾರ್ನೆಟ್ ದಂಪತಿಗಳಿಗೆ ನೂರು ವರ್ಷ ಮೊದಲೇ ತಿಳಿದಿತ್ತು. ಗಾಂಧಿ ಶತಮಾನೋತ್ಸವದ ಅದೇ 1969ರಲ್ಲಿ ಡಾ. ಸುಶೀಲಾ ನಯ್ಯರ್ ಅವರು ವಾರ್ಧಾ ಬಳಿಯ ಸೇವಾಗ್ರಾಮದಲ್ಲಿ ಆರಂಭಿಸಿದ ವೈದ್ಯಕೀಯ ಕಾಲೇಜು ಈ ವ್ಯತ್ಯಾಸವನ್ನು ಅರಿತ ಅಪರೂಪದ ಸಂಸ್ಥೆ. ಅಲ್ಲಿ ಹೊಸ ವಿದ್ಯಾರ್ಥಿಗಳು ಮೊದಲು ಆಶ್ರಮದಲ್ಲಿ ಇರಬೇಕು, ಆಮೇಲೆ ಹಳ್ಳಿಯೊಂದರಲ್ಲಿ ಶಿಬಿರ ಹೂಡಿ ಮನೆಗಳ ಪರಿಚಯ ಮಾಡಿಕೊಳ್ಳಬೇಕು. ಹಳ್ಳಿಗರು ಸುಗ್ಗಿಯಲ್ಲಿ ಜೋಳ ಅಳೆದು ಕೊಟ್ಟು ಆಸ್ಪತ್ರೆಯ ವಿಮೆ ಪಡೆಯುತ್ತಿದ್ದರು. ಮಳ್ಳೂರಿನಲ್ಲಿ ಹಾಲು, ಸೇವಾಗ್ರಾಮದಲ್ಲಿ ಜೋಳ!

ವಿದ್ಯಾರ್ಥಿಗಳು ಯಾರ ಆದೇಶಕ್ಕೂ ಕಾಯದೆ ತಾವೇ ಹೊರಟ ಉದಾಹರಣೆಯೂ ನಮ್ಮಲ್ಲಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಆರ್. ಬಾಲಸುಬ್ರಮಣ್ಯಂ ಅವರ ಮುಂದಾಳುತನದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿದ ಮೇಲೆ ಪೇಟೆಗೆ ಮರಳುವ ಬದಲು ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ ಹೋದರು. ಕಬಿನಿ ಜಲಾಶಯದಿಂದಲೂ ಹುಲಿಯೋಜನೆಯ ಅರಣ್ಯದಿಂದಲೂ ನೆಲೆ ತಪ್ಪಿದ ಜೇನುಕುರುಬರು, ಕಾಡುಕುರುಬರು ಅಲ್ಲಿದ್ದರು. ಚಿಕಿತ್ಸೆಗೆಂದು ಹೋದವರು ಮಕ್ಕಳಿಗೆ ಶಾಲೆಯನ್ನೂ ನಡೆಸುವಂತಾಯಿತು. ಸರಗೂರಿನಲ್ಲಿ ಆಸ್ಪತ್ರೆ ಬೆಳೆಯಿತು. ಇದಕ್ಕೂ ಕೆಲವು ವರ್ಷ ಮೊದಲು, 1981ರಲ್ಲಿ, ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಆರಂಭಿಸಿದ್ದರು. ಇಬ್ಬರ ವಿಷಯದಲ್ಲೂ ಗಂಟೆಗಳ ಲೆಕ್ಕ ಹಿಡಿದವರಿಲ್ಲ, ಹಿಡಿಯಲು ಸಾಧ್ಯವೂ ಇರಲಿಲ್ಲ.

ನಮ್ಮ ಕಾಲದ ಗ್ರಾಮೀಣ ತರಬೇತಿಯ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಸೇರಿಸುತ್ತೇವೆ. ಮಕ್ಕಳ ಭೇದಿಗೆ ಮನೆಯಲ್ಲೇ ಜೀವಜಲ ತಯಾರಿಸುವುದನ್ನು ತಾಯಂದಿರಿಗೆ ಕಲಿಸುವುದು ಇಂಟರ್ನಿಗಳ ಕೆಲಸ. ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು; ಪುಸ್ತಕ ಹೇಳುವುದಿಷ್ಟೇ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮ ನಮ್ಮನ್ನು ಮೊದಲ ಮನೆಗೆ ಕರೆದೊಯ್ಯುವ ಮುನ್ನವೇ ಹೇಳಿದರು: “ಡಾಕ್ಟ್ರೇ, ಮೊದ್ಲು ಅವ್ರ ಮನೆ ಚೊಂಬು ಕೇಳಿ ಇಸ್ಕೊಳ್ಳಿ. ಅದ್ರಲ್ಲಿ ಎಷ್ಟು ಹಿಡಿಯುತ್ತೆ ನೋಡ್ಕೊಂಡು ಆಮೇಲೆ ಸಕ್ಕರೆ ಲೆಕ್ಕ ಹೇಳಿ.” ಲೀಟರಿನ ಅಳತೆ ಯಾವ ಅಡುಗೆಮನೆಯಲ್ಲೂ ಇರಲಿಲ್ಲ, ಚೊಂಬು ಇಲ್ಲದ ಮನೆಯೂ ಇರಲಿಲ್ಲ. ಸೇವಾಕಲಿಕೆಯ ಸಿದ್ಧಾಂತವನ್ನು ಕುರಿತು ನಾವು ಮುಂದೆ ಓದಿದ್ದರಲ್ಲಿ ಆ ನರ್ಸಮ್ಮನ ಮಾತಿನಷ್ಟು ಅಡಕವಾದದ್ದು ಸಿಕ್ಕಿಲ್ಲ. ಇಂಟರ್ನಿಗಳು ಪ್ರತಿ ಎರಡು ಮೂರು ತಿಂಗಳಿಗೆ ಬದಲಾಗುತ್ತಿದ್ದರು, ಅವರು ಅಲ್ಲೇ ಇದ್ದರು.

ಈಗಿನ ಮಾತಿಗೆ ಬಂದರೆ, 2022ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಂ.ಬಿ.ಬಿ.ಎಸ್. ಪಠ್ಯಕ್ರಮಕ್ಕೆ ಕುಟುಂಬ ದತ್ತು ಕಾರ್ಯಕ್ರಮವನ್ನು ಸೇರಿಸಿದೆ. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಗೂ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಲಾಗುತ್ತದೆ. ಓದುವಷ್ಟು ಕಾಲವೂ ಆ ಮನೆಗಳಿಗೆ ಹೋಗಿಬಂದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಕ್ಕಳ ತೂಕ, ಲಸಿಕೆ ಇವನ್ನೆಲ್ಲ ನೋಡಿಕೊಳ್ಳಬೇಕು. ಒಂದೇ ಮನೆಯನ್ನು ವರ್ಷಗಳ ಕಾಲ ಕಾಣುವ ಅವಕಾಶ ನಮಗಿರಲಿಲ್ಲ. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ನಮ್ಮ ತಕರಾರೆಲ್ಲ ‘ದತ್ತು’ ಎಂಬ ಪದದ ಮೇಲೆ. ಹದಿನೆಂಟರ ಹುಡುಗ ಅರವತ್ತರ ರೈತನ ಸಂಸಾರವನ್ನು ದತ್ತು ತೆಗೆದುಕೊಳ್ಳುವುದೆಂದರೇನು? ನಮ್ಮ ಕಡೆ ದತ್ತು ಎಂದರೆ ಮಗುವನ್ನು ಮಡಿಲಿಗೆ ಹಾಕಿಕೊಳ್ಳುವುದು; ವಾಸ್ತವದಲ್ಲಿ ಆ ಕೆಲಸ ಮಾಡುತ್ತಿರುವವರು, ಬಂದ ಹುಡುಗನಿಗೆ ಕಾಫಿ ಕೊಟ್ಟು ಕೂರಿಸಿ ತಮ್ಮ ನೋವುಗಳನ್ನು ಅವನ ಪುಸ್ತಕಕ್ಕೆ ಬರೆಸುವ ಆ ಮನೆಯವರು. ವಿದ್ಯಾರ್ಥಿ ಓದು ಮುಗಿಸಿ ಹೊರಟ ದಿನ ಮನೆಯವರ ಗತಿಯೇನು, ಅವರ ದಾಖಲೆ ಯಾರ ಕೈಗೆ ಸೇರುತ್ತದೆ ಎಂಬುದರ ಮೇಲೆ ಈ ಯೋಜನೆಯ ಬೆಲೆ ನಿಲ್ಲುತ್ತದೆ.

ಬೇಸಗೆಗೆ ಮಕ್ಕಳನ್ನು ಕಳುಹಿಸಬೇಕೆಂದಿರುವ ತಂದೆತಾಯಿಯರಿಗೆ ನಾವು ಕೊಡುವ ಸಲಹೆ ಹೀಗಿದೆ. ನೀವು ವಿಚಾರಿಸುತ್ತಿರುವ ಸಂಸ್ಥೆ ಆ ಊರಿನಲ್ಲಿ ಎಷ್ಟು ವರ್ಷದಿಂದ ಇದೆ, ಊರಿನವರು ಅದರ ಸಭೆಗ���ಲ್ಲಿ ಕೂರುತ್ತಾರೆಯೇ, ನಿಮ್ಮ ಮಗು ಮಾಡಲಿರುವ ಕೆಲಸವನ್ನು ಕೇಳಿದವರು ಯಾರು ಎಂದು ಮೊದಲು ತಿಳಿದುಕೊಳ್ಳಿ. ತರಬೇತಿಯಿಲ್ಲದ ಹದಿಹರೆಯದವರ ಕೈಗೆ ಸ್ಟೆತಾಸ್ಕೋಪು ಕೊಟ್ಟು ಫೋಟೊ ತೆಗೆಸುವ ಶಿಬಿರಗಳಿಂದ ದೂರವಿರಿ. ಇಲ್ಲಿನ ನಮ್ಮ ಮಗುವಿಗೆ ಸಲ್ಲದ ಚಿಕಿತ್ಸೆ ಅಲ್ಲಿನ ಮಗುವಿಗೂ ಸಲ್ಲದು. ಹೋದ ಮೊದಲ ವಾರ ಏನೂ ಮಾಡದೆ ನರ್ಸಮ್ಮನ ಅಥವಾ ಆಶಾ ಕಾರ್ಯಕರ್ತೆಯ ಹಿಂದೆ ಮನೆಮನೆ ತಿರುಗಲಿ.

ಹೊರಡುವ ಮುನ್ನ ಕನ್ನಡವೂ ಸ್ವಲ್ಪ ಬೇಕು. ‘ಅಕ್ಕಾ’, ‘ಅಜ್ಜೀ’ ಎಂದು ಕರೆಯಲು ನಾಲಗೆ ಹೊರಳಬೇಕು. ತಲೆ ಸುತ್ತು, ಎದೆ ಉರಿ, ಮೈ ಕೈ ನೋವು, ಸುಸ್ತು ಎಂಬ ಮಾತುಗಳು ಕಿವಿಗೆ ಬಿದ್ದರೆ ತಿಳಿಯಬೇಕು. ಭಾನುವಾರದ ಕನ್ನಡ ತರಗತಿಯಲ್ಲಿ ಅಂಗಾಂಗಗಳ ಹೆಸರಿನ ಪಾಠ ಈಗಾಗಲೇ ಇದೆ. ನೋವುಗಳ ಹೆಸರಿನ ಪಾಠವೊಂದನ್ನು ಬರೆದುಕೊಡಲು ನಮ್ಮಂಥ ವೈದ್ಯ ಸದಸ್ಯರು ಸಿದ್ಧರಿದ್ದೇವೆ. ಇಷ್ಟೆಲ್ಲ ಕಲಿತು ಮಗು ಶಿಡ್ಲಘಟ್ಟದ ಕಡೆಗೇ ಹೋದರೆ, ಅಲ್ಲಿ ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ತೆಲುಗು. ಆಗ ಮತ್ತೆ ಅಆಇಈ.